ನೀರು ಬರುವ ಮುನ್ನ ಬರೆಯಬೇಕಾದ ಪ್ರಸ್ತಾವ

ನಮ್ಮ ವಿಶ್ವವಿದ್ಯಾಲಯಗಳಿಗೆ ಸಲ್ಲಿಕೆಯಾಗುವ ಅರ್ಥಶಾಸ್ತ್ರದ ಸಂಶೋಧನಾ ಪ್ರಸ್ತಾವಗಳಿಗೆ ಒಂದು ಸಿದ್ಧ ಅಚ್ಚು ಇದೆ. ‘ಕಡೂರು ತಾಲ್ಲೂಕಿನಲ್ಲಿ ನೀರಾವರಿ ಮತ್ತು ಕೃಷಿ ಅಭಿವೃದ್ಧಿ: ಒಂದು ಅಧ್ಯಯನ’ ಎಂಬ ಮಾದರಿಯ ಶೀರ್ಷಿಕೆ, ಐದು ಉದ್ದೇಶಗಳು, ಮೂರು ಪ್ರಾಕ್ಕಲ್ಪನೆಗಳು, ಮುನ್ನೂರು ರೈತರಿಗೆ ಪ್ರಶ್ನಾವಳಿ. ಕಡೂರಿನ ಜಾಗದಲ್ಲಿ ಸಿಂದಗಿಯನ್ನು ಇಟ್ಟರೂ ಒಳಗಿನ ಪುಟಗಳಲ್ಲಿ ಏನೂ ಬದಲಾಗುವುದಿಲ್ಲ. ಮುನ್ನೂರೇ ಏಕೆ, ಆ ಮುನ್ನೂರು ಮಂದಿ ಯಾರು ಎಂದು ಕೇಳಿದರೆ ಅಭ್ಯರ್ಥಿ ಮಾರ್ಗದರ್ಶಕರ ಮುಖ ನೋಡುತ್ತಾನೆ.

ನಿಯಮಗಳ ಕೊರತೆಯೇನೂ ಇಲ್ಲ. ಪ್ರಸ್ತಾವವನ್ನು ಪರಿಶೀಲಿಸಿ ವಿಷಯವನ್ನು ಅಂತಿಮಗೊಳಿಸುವ ಹೊಣೆಯನ್ನು ಯುಜಿಸಿಯ 2022ರ ನಿಯಮಾವಳಿ ಸಂಶೋಧನಾ ಸಲಹಾ ಸಮಿತಿಗೆ ಒಪ್ಪಿಸಿದೆ. ಕೃತಿಚೌರ್ಯ ತಡೆಗೆ 2018ರಲ್ಲೇ ಪ್ರತ್ಯೇಕ ನಿಯಮಗಳು ಬಂದಿವೆ. ಕದ್ದ ವಾಕ್ಯವನ್ನು ತಂತ್ರಾಂಶ ಹಿಡಿದುಕೊಡುತ್ತದೆ. ಎರವಲು ತಂದ ಪ್ರಶ್ನೆಯನ್ನು ಹಿಡಿಯುವ ತಂತ್ರಾಂಶ ಇನ್ನೂ ಬಂದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ವಿದ್ಯಾರ್ಥಿಗೆ ಪ್ರಶ್ನೆಯನ್ನು ಎರವಲು ತರುವ ಅಗತ್ಯವೇ ಇಲ್ಲ. ಭದ್ರಾ ಅಣೆಕಟ್ಟು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿದೆ. ಅಲ್ಲಿಂದ ಮೇಲೆತ್ತಿದ ನೀರು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಚಿತ್ರದುರ್ಗದತ್ತ ಸಾಗುತ್ತದೆ. ಕಡೂರು ಮಳೆನೆರಳಿನ ಸೀಮೆ. ರಾಗಿ, ತೆಂಗು ಮತ್ತು ಬತ್ತುವ ಕೊಳವೆಬಾವಿಗಳ ನಾಡು. ಒಟ್ಟು 29.90 ಟಿಎಂಸಿ ಅಡಿ ನೀರನ್ನು ಬಳಸಿ ನಾಲ್ಕು ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ, ಕೆರೆಗಳನ್ನು ತುಂಬಿಸುವ ಭದ್ರಾ ಮೇಲ್ದಂಡೆ ಯೋಜನೆ ಇನ್ನೂ ಪೂರ್ಣಗೊಂಡಿಲ್ಲ. ಕೇಂದ್ರದ 2023-24ರ ಬಜೆಟ್ಟಿನಲ್ಲಿ ಘೋಷಣೆಯಾದ 5,300 ಕೋಟಿ ರೂಪಾಯಿಯ ಬಗ್ಗೆ ನಡೆದಷ್ಟು ಚರ್ಚೆ, ನೀರು ಬಂದ ಮೇಲೆ ಅದು ಯಾರ ಹೊಲ ಸೇರುತ್ತದೆ ಎಂಬುದರ ಬಗ್ಗೆ ನಡೆದಿಲ್ಲ.

ಪ್ರಶ್ನೆ ಇರುವುದು ಅಲ್ಲಿಯೇ. ಕೆರೆ ತುಂಬಿ ಸುತ್ತಲಿನ ಅಂತರ್ಜಲ ಏರಿದಾಗ ಅದರ ಲಾಭ ಐದಾರು ಕೊಳವೆಬಾವಿ ಕೊರೆಸಿದವನಿಗೋ, ಒಂದನ್ನೂ ಕೊರೆಸಲಾಗದವನಿಗೋ? ರಾಗಿ ಹೊಲ ಅಡಿಕೆ ತೋಟವಾದರೆ ಕೂಲಿಯ ದಿನಗಳು ಹೆಚ್ಚುತ್ತವೆಯೇ, ತಗ್ಗುತ್ತವೆಯೇ? ಯೋಜನೆಯ ಪಟ್ಟಿಯಲ್ಲಿರುವ ಒಂದು ಕೆರೆ, ಅದರಷ್ಟೇ ದೊಡ್ಡದಾದರೂ ಪಟ್ಟಿಯಲ್ಲಿಲ್ಲದ ಇನ್ನೊಂದು ಕೆರೆ. ಎರಡರ ಅಚ್ಚುಕಟ್ಟಿನ ಮನೆಗಳನ್ನೂ ನೀರು ಬರುವ ಮುನ್ನ ಒಮ್ಮೆ, ಬಂದ ಮೇಲೆ ಮತ್ತೊಮ್ಮೆ ಸಮೀಕ್ಷೆ ಮಾಡಬೇಕು. ಆಗ ಪ್ರಾಕ್ಕಲ್ಪನೆ ಸುಳ್ಳಾಗುವ ಸಾಧ್ಯತೆಯೂ ಇರುತ್ತದೆ. ಸುಳ್ಳಾಗಲಾರದ ಪ್ರಾಕ್ಕಲ್ಪನೆಗೆ ಮೂರು ವರ್ಷ ಸುರಿಯುವುದು ವ್ಯರ್ಥ.

ಈ ಕ್ರಮಕ್ಕೆ ಇದೇ ಸೀಮೆಯಲ್ಲಿ ಪೂರ್ವನಿದರ್ಶನವಿದೆ. ಭದ್ರಾ ಅಭಯಾರಣ್ಯದೊಳಗಿನ 419 ಕುಟುಂಬಗಳು 2001-02ರಲ್ಲಿ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಹಾಗೂ ಕೆಳಗೂರಿಗೆ ಸ್ಥಳಾಂತರಗೊಂಡವು. ಕೃತಿ ಕಾರಂತ ಅವರು 2002ರಲ್ಲಿ ಒಮ್ಮೆ, 2006ರಲ್ಲಿ ಮತ್ತೊಮ್ಮೆ ಆ ಕುಟುಂಬಗಳ ಸಮೀಕ್ಷೆ ನಡೆಸಿದರು. ಎರಡು ಸಮೀಕ್ಷೆಗಳ ನಡುವೆ ನಾಲ್ಕು ವರ್ಷಗಳ ಅಂತರವಿದ್ದುದರಿಂದಲೇ 2007ರಲ್ಲಿ ಪ್ರಕಟವಾದ ಆ ಅಧ್ಯಯನ ಪುನರ್ವಸತಿಯ ಚರ್ಚೆಯಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಇನ್ನು ಅಂಕಿಅಂಶಗಳ ಮಾತು. ಪ್ರಸ್ತಾವಗಳಲ್ಲಿ ‘ದ್ವಿತೀಯಕ ಮಾಹಿತಿಯನ್ನು ಸರ್ಕಾರಿ ಮೂಲಗಳಿಂದ ಪಡೆಯಲಾಗುವುದು’ ಎಂಬ ಒಂದೇ ಸಾಲು ಇರುತ್ತದೆ. ಆ ಮೂಲಗಳನ್ನು ಒಳಗಿನಿಂದ ಕಂಡವನಿಗೆ ಇದು ದಿಗಿಲು ಹುಟ್ಟಿಸುತ್ತದೆ. 2011ರ ಜನಗಣತಿಯಲ್ಲಿ ಅಜ್ಜಂಪುರ ತಾಲ್ಲೂಕೇ ಇರಲಿಲ್ಲ; ಅಜ್ಜಂಪುರ, ಶಿವನಿ ಹೋಬಳಿಗಳು ತರೀಕೆರೆಯ ಲೆಕ್ಕದಲ್ಲಿದ್ದವು. ಅಂದಿನ ತರೀಕೆರೆಯನ್ನು ಇಂದಿನ ತರೀಕೆರೆಯೊಂದಿಗೆ ಹೋಲಿಸಿ ‘ಸಾಗುವಳಿ ಪ್ರದೇಶ ಕುಸಿದಿದೆ’ ಎಂದು ಬರೆದರೆ, ಕುಸಿದಿರುವುದು ತಾಲ್ಲೂಕಿನ ಗಡಿ ಮಾತ್ರ. ಗ್ರಾಮವಾರು ಅಂಕಿಗಳನ್ನು ತೆಗೆದು ಹೊಸದಾಗಿ ಕೂಡಿಸದೆ ಬೇರೆ ದಾರಿಯಿಲ್ಲ, ಮತ್ತು ಆ ಕೆಲಸಕ್ಕೆ ಎಷ್ಟು ತಿಂಗಳು ಬೇಕೆಂಬುದು ಪ್ರಸ್ತಾವದಲ್ಲಿಯೇ ಇರಬೇಕು.

ಪಹಣಿಯದೂ ಇದೇ ಕಥೆ. ಒಂಬತ್ತನೆಯ ಕಲಮಿನಲ್ಲಿ ಮಾಲೀಕನಿದ್ದಾನೆ, ಹನ್ನೆರಡರಲ್ಲಿ ಸಾಗುವಳಿದಾರ ಮತ್ತು ಬೆಳೆ. ಚಾವಡಿಯಲ್ಲಿ ಕುಳಿತು ಹಿಂದಿನ ವರ್ಷದ ಬೆಳೆಯನ್ನೇ ನಕಲಿಸಿದ ಪಹಣಿಗಳನ್ನು ಸೇವೆಯಲ್ಲಿದ್ದಾಗ ಸಾಕಷ್ಟು ಕಂಡಿದ್ದೇನೆ. ಈಚಿನ ಮೊಬೈಲ್ ಬೆಳೆ ಸಮೀಕ್ಷೆಯೊಂದಿಗೆ ತಾಳೆ ನೋಡದೆ ಅದನ್ನು ನಂಬುವಂತಿಲ್ಲ. ವಾರಕ್ಕೆ ಪಡೆದು ಉಳುವವನ ಹೆಸರಂತೂ ಎಲ್ಲಿಯೂ ಸಿಗುವುದಿಲ್ಲ. ಅದಕ್ಕೆ ಊರಿನಲ್ಲೇ ಕೂರಬೇಕು. ನೋಂದಣಿಯಾಗದ ಕೊಳವೆಬಾವಿಗಳನ್ನು ನಡೆದೇ ಎಣಿಸಬೇಕು. ರೈತ ನೀರನ್ನು ಇಂಚಿನಲ್ಲಿ, ನೆಲವನ್ನು ಗುಂಟೆಯಲ್ಲಿ, ರಾಗಿಯನ್ನು ಚೀಲದಲ್ಲಿ ಹೇಳುತ್ತಾನೆ. ಹೆಕ್ಟೇರು, ಲೀಟರುಗಳ ಪ್ರಶ್ನಾವಳಿಗೆ ಬರುವ ಉತ್ತರ ಅಂದಾಜಷ್ಟೇ. ಅಡಿಕೆ ಕೊಯ್ಲಿನ ದಿನಗಳಲ್ಲಿ ತರೀಕೆರೆಯ ತೋಟಕ್ಕೆ ಹೋಗಿ ನಲವತ್ತು ಪ್ರಶ್ನೆಗಳ ಹಾಳೆ ಬಿಚ್ಚಿದವನಿಗೆ ಮಜ್ಜಿಗೆ ಸಿಕ್ಕೀತು, ಉತ್ತರ ಸಿಗಲಾರದು. ಹತ್ತು ಮನೆಗಳಲ್ಲಾದರೂ ಪ್ರಶ್ನಾವಳಿಯನ್ನು ಪರೀಕ್ಷಿಸಿ ನೋಡದ ಪ್ರಸ್ತಾವವನ್ನು ಸಮಿತಿ ಹಿಂದಿರುಗಿಸುವುದೇ ಒಳಿತು.

ಆದರೆ ತೊಡಕಿರುವುದು ಕಾಲಪಟ್ಟಿಯಲ್ಲಿ. ಪ್ರವೇಶ ಪರೀಕ್ಷೆ, ಕೋರ್ಸ್‌ವರ್ಕ್, ಸಮಿತಿಯ ಸಭೆ ಇವೆಲ್ಲ ಮುಗಿದು ವಿದ್ಯಾರ್ಥಿ ಹಳ್ಳಿಗೆ ಕಾಲಿಡುವಷ್ಟರಲ್ಲಿ ಒಂದೆರಡು ಮುಂಗಾರುಗಳು ಕಳೆದಿರುತ್ತವೆ. ಅಷ್ಟರೊಳಗೆ ಕೆರೆಗೆ ನೀರು ಬಂದುಬಿಟ್ಟರೆ ಬರುವ ಮುಂಚಿನ ಸ್ಥಿತಿಯನ್ನು ಯಾವ ಪ್ರಶ್ನಾವಳಿಯೂ ಮರಳಿ ತರದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಲಕ್ಕವಳ್ಳಿ ದೂರವೇನಲ್ಲ. ಅದರ ಅರ್ಥಶಾಸ್ತ್ರ, ಸಮಾಜಶಾಸ್ತ್ರ ವಿಭಾಗಗಳು ಈ ಮೂರು ತಾಲ್ಲೂಕುಗಳ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಜೊತೆಗೂಡಿಸಿಕೊಂಡು, ಆಯ್ದ ಕೆರೆಗಳ ಅಚ್ಚುಕಟ್ಟಿನಲ್ಲಿ ಮನೆವಾರು ಸಮೀಕ್ಷೆಯೊಂದನ್ನು ಈ ಬೇಸಿಗೆಯಲ್ಲೇ ಮುಗಿಸಿ ಇಟ್ಟರೆ, ಮುಂದೆ ನೋಂದಾಯಿಸಿಕೊಳ್ಳುವ ಯಾವ ಸಂಶೋಧಕನಿಗಾದರೂ ಅದು ದಕ್ಕುತ್ತದೆ.