ಆಟ ನಿಂತಾಗ ಅನುಮಾನ ಯಾರ ಮೇಲೆ?

ಮನೆಯ ಕಂಪ್ಯೂಟರ್ ಕೆಟ್ಟರೆ ಮೊದಲು ಬೈಸಿಕೊಳ್ಳುವವರು ಮಕ್ಕಳು. "ಬರೀ ಗೇಮ್ ಆಡಿ ಆಡಿ ಕೆಡಿಸಿಬಿಟ್ಟೆ" ಎಂಬ ತೀರ್ಪು ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಅಜ್ಜ-ಅಜ್ಜಿಯರೇ, ಈ ವಾರ ನಾನು ಮಕ್ಕಳ ಕಡೆಯ ವಕೀಲ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲೂ ಹೀಗೇ ಆಯಿತು. ಎಂಟನೇ ಕ್ಲಾಸಿನ ಮೊಮ್ಮಗ ಕಾರ್ ರೇಸಿನ ಆಟ ಶುರು ಮಾಡಿದ ಹತ್ತು-ಹದಿನೈದು ನಿಮಿಷಕ್ಕೆ ಪರದೆ ನೀಲಿಯಾಗುವುದು, ನಾಲ್ಕು ಸಾಲು ಇಂಗ್ಲಿಷ್ ಕಾಣಿಸುವುದು, ಕಂಪ್ಯೂಟರ್ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಗುವುದು. ಮಗ "ವೈರಸ್" ಎಂದ. ಸೊಸೆ "ಆ ಆಟಾನೇ ತೆಗೆದುಹಾಕಿ" ಎಂದಳು. ರಿಪೇರಿಯವನು ಮುಚ್ಚಳವನ್ನೂ ಬಿಚ್ಚದೆ "ಮದರ್‌ಬೋರ್ಡ್ ಹೋಗಿದೆ ಸಾರ್, 15,000 ಆಗುತ್ತೆ" ಎಂದ. ಹುಡುಗ ಮಾತ್ರ "ತಾತ, ನಾನೇನೂ ಮಾಡಿಲ್ಲ" ಎಂದು ನನ್ನ ಮುಖ ನೋಡಿದ.

ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಲೆಡ್ಜರ್ ಬರೆದವನು ನಾನು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ತಕ್ಷಣ ಯಾರನ್ನೂ ದೂರುತ್ತಿರಲಿಲ್ಲ; ಮೊದಲು ವ್ಯತ್ಯಾಸ ಎಷ್ಟೆಂದು ನೋಡುತ್ತಿದ್ದೆವು. ಅದು 9ರಿಂದ ಭಾಗವಾದರೆ ಎಲ್ಲೋ ಅಂಕಿಗಳು ಹಿಂದುಮುಂದಾಗಿವೆ ಎಂಬ ಅನುಮಾನ. 1,270 ಬರೆಯಬೇಕಾದಲ್ಲಿ 1,720 ಬರೆದರೆ ವ್ಯತ್ಯಾಸ 450, ಅಂದರೆ 9 ಸಲ 50. ಮಕ್ಕಳೇ, ಯಾವ ಸಂಖ್ಯೆಯಲ್ಲಾದರೂ ಎರಡು ಅಂಕಿಗಳನ್ನು ಅದಲುಬದಲು ಮಾಡಿ ಕಳೆದು ನೋಡಿ, ಉತ್ತರ 9ರಿಂದ ಭಾಗವಾಗಿಯೇ ಆಗುತ್ತದೆ. ತಪ್ಪಿಗೂ ಒಂದು ಚಹರೆ ಇರುತ್ತದೆ, ಹುಡುಕುವವನಿಗೆ ತಾಳ್ಮೆ ಬೇಕು ಅಷ್ಟೆ.

ಮೊಮ್ಮಗನ ಕೈಗೆ ಹಳೆಯ ನೋಟ್‌ಬುಕ್ ಕೊಟ್ಟೆ. ಎಷ್ಟು ಗಂಟೆಗೆ ನಿಂತಿತು, ಆಗ ಏನೇನು ತೆರೆದಿತ್ತು, ನೀಲಿ ಪರದೆಯ ಮೇಲೆ ಏನು ಬರೆದಿತ್ತು ಎಂದು ಮೂರು ಕಾಲಂ ಹಾಕಿಸಿದೆ. ಐದು ದಿನದಲ್ಲಿ ಹನ್ನೊಂದು ಸಲ ನಿಂತಿತ್ತು. ಹನ್ನೊಂದೂ ಸಲ ಆಟದ ಹೊತ್ತಿನಲ್ಲೇ. ಪಾಠದ ವಿಡಿಯೊ ನೋಡುವಾಗ ಒಮ್ಮೆಯೂ ಇಲ್ಲ. ಬೆಳಗಿನ ತಂಪಿನಲ್ಲೂ ನಿಂತಿದ್ದರಿಂದ ಬಿಸಿಯ ಮೇಲಿನ ಅನುಮಾನ ಕಡಿಮೆಯಾಯಿತು. ಆದರೂ ಫ್ಯಾನಿನ ಧೂಳು ತೆಗೆದೆವು, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆವು. ಗುಣ ಕಾಣಲಿಲ್ಲ. ಮೂರನೇ ಕಾಲಂನಲ್ಲಿ ಹೆಚ್ಚು ಸಲ ಇದ್ದದ್ದು 'ಮೆಮೊರಿ ಮ್ಯಾನೇಜ್‌ಮೆಂಟ್' ಎಂಬ ಮಾತು. ಅದೊಂದೇ ಸಾಕ್ಷಿ ಸಾಲದು. ಡ್ರೈವರ್ ಕೆಟ್ಟರೂ ಹಾಗೆ ಬರುವುದುಂಟು. ಆದರೆ ದಾರಿ ರ‍್ಯಾಮ್ ಕಡೆಗೆ ತಿರುಗಿತು.

ರ‍್ಯಾಮ್ ಎಂದರೆ ಕಂಪ್ಯೂಟರ್ ಆಗಿಂದಾಗಿನ ಕೆಲಸವನ್ನು ಹರಡಿಕೊಳ್ಳುವ ಮೇಜು. ಕರೆಂಟ್ ಹೋದರೆ ಮೇಜು ಖಾಲಿ. 8 ಜಿಬಿ ರ‍್ಯಾಮಿನಲ್ಲಿ ಸುಮಾರು 6,871 ಕೋಟಿ ಬಿಟ್‌ಗಳು, ಅಂದರೆ 0 ಅಥವಾ 1 ಎಂದು ನೆನಪಿಡುವ ಪುಟ್ಟ ಪುಟ್ಟ ಕೋಣೆಗಳು ಇರುತ್ತವೆ. ಅದರಲ್ಲಿ ಎಲ್ಲೋ ಕೆಲವು ಕೆಟ್ಟರೆ ಆಟದಲ್ಲೇ ಏಕೆ ತೊಂದರೆ? ಕಲ್ಯಾಣ ಮಂಟಪವನ್ನು ನೆನೆಸಿಕೊಳ್ಳಿ. ಕೊನೆಯ ಸಾಲಿನಲ್ಲಿ ಒಂದು ಕುರ್ಚಿಯ ಕಾಲು ಮುರಿದಿದೆ. ನಿಶ್ಚಿತಾರ್ಥಕ್ಕೆ ಐವತ್ತು ಜನ ಬಂದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಮದುವೆಯ ದಿನ ಮಂಟಪ ತುಂಬಿದಾಗ ಯಾರೋ ಒಬ್ಬರು ಕೂತೇ ಕೂರುತ್ತಾರೆ, ಬಿದ್ದೇ ಬೀಳುತ್ತಾರೆ. ದೊಡ್ಡ ಆಟವೆಂದರೆ ಮದುವೆಯ ದಿನ. ಕುರ್ಚಿ ಮುರಿದದ್ದಕ್ಕೆ ನೆಂಟರನ್ನು ಬೈದರೆ ಹೇಗೆ?

ಒಂದು ಬಿಟ್ ತಾನೇ ಎನ್ನಬೇಡಿ. 2003ರಲ್ಲಿ ಬೆಲ್ಜಿಯಂ ದೇಶದ ಚುನಾವಣೆಯಲ್ಲಿ, ಬ್ರಸೆಲ್ಸ್ ಬಳಿಯ ಸ್ಕಾರ್ಬೇಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಇರಲು ಸಾಧ್ಯವೇ ಇಲ್ಲದಷ್ಟು ಮತ ಬಂದಿತ್ತು. ಮತ್ತೆ ಎಣಿಸಿದಾಗ ಸಿಕ್ಕಿದ ವ್ಯತ್ಯಾಸ ಸರಿಯಾಗಿ 4,096. ಎರಡನ್ನು ಹನ್ನೆರಡು ಸಲ ಗುಣಿಸಿ ನೋಡಿ, ಅದೇ ಸಂಖ್ಯೆ! ತಂತ್ರಾಂಶದಲ್ಲಿ ತಪ್ಪು ಸಿಗಲಿಲ್ಲ. ಕಂಪ್ಯೂಟರಿನ ನೆನಪಿನಲ್ಲಿ ಒಂದೇ ಒಂದು ಬಿಟ್ 0 ಇದ್ದದ್ದು 1 ಆಗಿರಬೇಕು ಎಂದು ತಜ್ಞರು ಹೇಳಿದರು. ನಮ್ಮ 9ರ ಲೆಕ್ಕಕ್ಕೆ ಇದು ಅಣ್ಣ. ಇಂಥ ತಪ್ಪನ್ನು ತಾನೇ ಹಿಡಿದು ತಿದ್ದುವ ರ‍್ಯಾಮ್ ದೊಡ್ಡ ಸರ್ವರ್‌ಗಳಲ್ಲಿ ಇರುತ್ತದೆ, ಒಬ್ಬ ಬರೆದದ್ದನ್ನು ಇನ್ನೊಬ್ಬ ಪರಿಶೀಲಿಸಿದ ಹಾಗೆ. ಮನೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಪರೀಕ್ಷೆಗೆ ಖರ್ಚಿಲ್ಲ. ವಿಂಡೋಸ್‌ನಲ್ಲೇ 'ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್' ಎಂಬುದಿದೆ. ಇನ್ನೂ ಕಟ್ಟುನಿಟ್ಟಾದದ್ದು ಬೇಕೆಂದರೆ 'ಮೆಮ್‌ಟೆಸ್ಟ್86'. ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಬೇಕು. ಪ್ರತಿ ಕೋಣೆಗೂ ಬರೆಯುತ್ತದೆ, ಓದುತ್ತದೆ, ತಾಳೆ ನೋಡುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದಾದ್ದರಿಂದ ರಾತ್ರಿ ಬಿಟ್ಟು ಮಲಗಿದೆವು. ಬೆಳಿಗ್ಗೆ ಪರದೆಯ ತುಂಬ ಕೆಂಪು ಸಾಲು. ಇದರಲ್ಲಿ ಪಾಸ್ ಆಗಲು ನೂರಕ್ಕೆ ಮೂವತ್ತೈದು ಸಾಲದು. ಒಂದು ತಪ್ಪು ಬಂದರೂ ಫೇಲ್.

ಹಾಗೆಂದು ಕೂಡಲೇ ಅಂಗಡಿಗೆ ಓಡಬೇಡಿ. ರ‍್ಯಾಮನ್ನು ಹೆಚ್ಚು ವೇಗಕ್ಕೆ ಓಡಿಸುವ 'ಎಕ್ಸ್‌ಎಂಪಿ' ಎಂಬ ಸೆಟ್ಟಿಂಗ್ ಬಯಾಸ್‌ನಲ್ಲಿ ಇರುತ್ತದೆ. ಅದನ್ನು ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ನಮ್ಮದು ಹೋಗಲಿಲ್ಲ. ಆಮೇಲೆ ಕರೆಂಟ್ ವೈರ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು, ಮೊಮ್ಮಗ ಎರಡು ರ‍್ಯಾಮ್‌ಗಳಲ್ಲಿ ಒಂದನ್ನು ತೆಗೆದ. (ಮಕ್ಕಳೇ, ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ ಇದನ್ನು ಮಾಡಬೇಕು.) ಒಂದೊಂದನ್ನೇ ಅದೇ ಸ್ಲಾಟಿನಲ್ಲಿ ಕೂರಿಸಿ, ಕ್ಲಿಕ್ ಎನ್ನುವವರೆಗೆ ಒತ್ತಿ, ಪರೀಕ್ಷಿಸಿದೆವು. ಮೊದಲನೆಯದು ಪಾಸ್, ಎರಡನೆಯದು ಫೇಲ್. ಎರಡನೆಯದನ್ನು ಬೇರೆ ಸ್ಲಾಟಿಗೆ ಹಾಕಿದರೂ ಫೇಲ್. ಅಲ್ಲಿಗೆ ಮದರ್‌ಬೋರ್ಡ್ ನಿರಪರಾಧಿ, ಹುಡುಗನೂ ನಿರಪರಾಧಿ. ಮಗ ಅವನ ಬೆನ್ನು ತಟ್ಟಿದ. "ಸಾರಿ" ಮಾತ್ರ ಬಾಯಿಂದ ಬರಲಿಲ್ಲ. ನಮ್ಮ ಕಡೆ ಅಪ್ಪಂದಿರು ಇಷ್ಟೇ.

ಬಿಲ್ ಇಟ್ಟಿದ್ದರಿಂದ ವಾರಂಟಿಯಲ್ಲಿ ಬದಲಿ ಸಿಕ್ಕಿತು, ಮೂರು ವಾರ ಕಾಯಿಸಿ. ಅಷ್ಟರಲ್ಲಿ ಇನ್ನೊಂದು ಕೆಲಸ ಮಾಡಿದೆವು. ಕೆಟ್ಟ ರ‍್ಯಾಮ್ ಮೂಲಕ ಕಾಪಿಯಾದ ಫೈಲುಗಳೂ ಕೆಡಬಹುದು. ಆ ದಿನಗಳಲ್ಲಿ ಕಂಪ್ಯೂಟರಿಗೆ ಹಾಕಿದ್ದ ನನ್ನವಳ ಹಳೆಯ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಎರಡರಲ್ಲಿ ಅರ್ಧ ಚಿತ್ರ ಬೂದು ಬಣ್ಣ. ಮೂಲ ಪ್ರತಿಗಳು ಫೋನಿನಲ್ಲಿ ಇನ್ನೂ ಇದ್ದವು, ಸದ್ಯ. ಹೊಸ ರ‍್ಯಾಮ್ ಬಂದ ದಿನ ಮೊಮ್ಮಗ ಆಟಕ್ಕೆ ಕೂರುತ್ತಾನೆಂದುಕೊಂಡೆ. "ತಡಿ ತಾತ, ಇದನ್ನೂ ಒಂದು ರಾತ್ರಿ ಟೆಸ್ಟ್‌ಗೆ ಹಾಕೋಣ" ಎಂದ.