ಬ್ರೇಕಿಗೆ ಕೈ ಹಾಕಬೇಡಿ ಎನ್ನುವವರಿಗೆ



“ಗಾಡಿಯ ಬೇರೆ ಯಾವ ಕೆಲಸ ಬೇಕಾದರೂ ಮಾಡಿಕೊಳ್ಳಿ, ಬ್ರೇಕಿಗೆ ಮಾತ್ರ ಕೈ ಹಾಕಬೇಡಿ, ಅದು ನಿಮ್ಮಂಥವರ ಕೆಲಸವಲ್ಲ.” ಈ ಉಪದೇಶವನ್ನು ನಾವೆಲ್ಲ ಕೇಳಿದ್ದೇವೆ. ಹೋಟೆಲಿಗೆ ತರಕಾರಿ ತರುವ ವ್ಯಾನು ಇಟ್ಟವರು ನಮ್ಮಲ್ಲಿದ್ದಾರೆ. ಗಿರಣಿ ಮುಚ್ಚಿದ ಮೇಲೆ ಟ್ಯಾಕ್ಸಿ ಹಿಡಿದು ಸಂಸಾರ ಸಾಗಿಸಿದ ಮನೆಗಳಿವೆ. ಉಪದೇಶಕ್ಕೆ ತಲೆಬಾಗಿ ವರ್ಕ್‌ಶಾಪಿಗೆ ಹೋದರೆ ಎಷ್ಟೋ ಸಲ ಸಿಗುವ ಉತ್ತರವೇನು? “ಕ್ಯಾಲಿಪರ್ ಜಾಮ್ ಆಗಿದೆ, ಇಡಿಯಾಗಿ ಹೊಸದು ಹಾಕಬೇಕು.” ಬಿಲ್ಲು ಸಾವಿರಗಟ್ಟಲೆ!

ಈ ಕ್ಯಾಲಿಪರ್ ಎಂಬುದು ಯಾವ ದೇವರಹಸ್ಯ? ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅದುಮುವ ಹಿಡಿಕೆ ಅದು. ಪೆಡಲ್ ಒತ್ತಿದರೆ ಎಣ್ಣೆಯ ಒತ್ತಡ ಒಳಗಿನ ಪಿಸ್ಟನ್ನನ್ನು ಮುಂದೆ ದೂಡುತ್ತದೆ. ಪಿಸ್ಟನ್ ಸುತ್ತಲಿನ ಚೌಕದಂಚಿನ ರಬ್ಬರ್ ಸೀಲ್ ಎಣ್ಣೆಯನ್ನು ತಡೆಯುತ್ತದೆ; ಕಾಲು ತೆಗೆದಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುವುದೂ ಅದೇ. ಹೊರಗಿನ ಧೂಳುಕವಚ ಹರಿದರೆ ಮಳೆನೀರು ಒಳಹೊಕ್ಕು ತುಕ್ಕು ಹಿಡಿಯುತ್ತದೆ. ಆಮೇಲೆ ಪಿಸ್ಟನ್ ಹಿಂದೆ ಸರಿಯದು, ಪ್ಯಾಡು ಉಜ್ಜುತ್ತಲೇ ಇರುತ್ತದೆ, ಚಕ್ರ ಸುಡುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಪಿಸ್ಟನ್ನಿನ ಮೈಯೂ ಸಿಲಿಂಡರೂ ನುಣುಪಾಗಿದ್ದರೆ ಹೊಸ ಸೀಲು, ಹೊಸ ಕವಚ ಸಾಕು. ಕುಕ್ಕರಿನ ಗ್ಯಾಸ್ಕೆಟ್ ಸವೆದರೆ ಯಾವ ಭಟ್ಟರಾದರೂ ಕುಕ್ಕರನ್ನೇ ಎಸೆಯುತ್ತಾರೆಯೇ?

ಹಾಗಾದರೆ ಇಡೀ ಕ್ಯಾಲಿಪರ್ ಮಾರುವ ಆತುರ ಏಕೆ? ಬಿಡಿಭಾಗವೂ ರಿಪೇರಿಯ ವಿದ್ಯೆಯೂ ಒಂದೇ ಕೈಯಲ್ಲಿದ್ದರೆ ಲಾಭವೂ ಆ ಕೈಯಲ್ಲೇ ಉಳಿಯುತ್ತದೆ. ಇದು ನಮ್ಮ ಕಲ್ಪನೆಯಲ್ಲ. ಬಿಡಿಭಾಗ, ಉಪಕರಣ, ರಿಪೇರಿಯ ಕೈಪಿಡಿಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪೆನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪೆನಿಗಳು ಮೇಲ್ಮನವಿಗೆ ಓಡಿದವು. 2022ರಲ್ಲಿ ಕೇಂದ್ರ ಸರಕಾರ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ವಾಹನಗಳೂ ಅದರ ವ್ಯಾಪ್ತಿಗೆ ಬಂದವು. ಕಾಗದದ ಮೇಲಿನ ಹಕ್ಕು ಚಾಳಿನ ಅಂಗಳಕ್ಕೆ ತಾನಾಗಿ ನಡೆದು ಬರುವುದೇ?

ಎದುರಾಳಿಗಳ ಒಂದು ಮಾತು ನಿಜ: ಬ್ರೇಕು ತಪ್ಪಿದರೆ ಸಾಯುವವರು ದಾರಿಹೋಕರು. ಆದರೆ ಆ ಸತ್ಯದಿಂದ “ಕಲಿಸಬೇಡಿ” ಎಂಬ ತೀರ್ಮಾನ ಹೇಗೆ ಬರುತ್ತದೆ? “ಸರಿಯಾಗಿ ಕಲಿಸಿ” ಎಂದಲ್ಲವೇ ಬರಬೇಕಾದದ್ದು? ಸಾವಿರಾರು ಎಳೆಗಳ ಮಗ್ಗವನ್ನು ಬಿಚ್ಚಿ ಜೋಡಿಸಿದ ಗಿರಣಿಯ ಫಿಟ್ಟರನಿಗೆ ಒಂದು ಪಿಸ್ಟನ್ ತಿಳಿಯದೇ?

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಖಾರವಾಗಿಯೇ ಹೇಳಬೇಕು. ಅರ್ಧಂಬರ್ಧ ಕೆಲಸ ಮಾಡುವವನು ಕಂಪೆನಿಯ ವಾದಕ್ಕೇ ಬಲ ಕೊಡುತ್ತಾನೆ. ಕಲ್ಲಿನ ಮೇಲೋ ಬರೀ ಜಾಕಿನ ಮೇಲೋ ಗಾಡಿ ನಿಲ್ಲಿಸಬೇಡಿ. ಸ್ಟ್ಯಾಂಡ್ ಬೇಕೇ ಬೇಕು. ಪ್ಯಾಡಿನ ಧೂಳನ್ನು ಊದಬೇಡಿ. ಕ್ಯಾಲಿಪರನ್ನು ಬ್ರೇಕಿನ ರಬ್ಬರ್ ಪೈಪಿನಿಂದ ನೇತುಹಾಕಬೇಡಿ. ಗಾಳಿಯ ಒತ್ತಡದಿಂದ ಪಿಸ್ಟನ್ ಹಾರಿಸಹೋದರೆ ಬೆರಳು ಜಜ್ಜೀತು. ಪೆಟ್ರೋಲು, ಇಂಜಿನ್ ಎಣ್ಣೆ, ಮಾಮೂಲಿ ಗ್ರೀಸು ತಗಲಿದರೆ ಸೀಲು ಉಬ್ಬಿ ಕೆಡುತ್ತದೆ. ತೆರೆದಿಟ್ಟ ಹಳೆಯ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ: ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ನೀರು ಹೀರಿದ ಎಣ್ಣೆಗೆ ಆ ಮಿತಿ 140 ಮಾತ್ರ. ಘಾಟಿನ ಇಳಿಜಾರಿನಲ್ಲಿ ಅದು ಕುದ್ದರೆ ಪೆಡಲ್ ಪಾತಾಳಕ್ಕೆ! ಪಿಸ್ಟನ್ನಿನಲ್ಲಿ ಗುಳಿ ಬಿದ್ದಿದ್ದರೆ ಉಜ್ಜಿ ಸಮಾಧಾನಪಡಬೇಡಿ, ಹೊಸದು ಹಾಕಿ. ಎಣ್ಣೆಯೊಳಗಿನ ಗಾಳಿಯನ್ನೆಲ್ಲ ಹೊರಡಿಸಿ, ಪೆಡಲ್ ಗಟ್ಟಿಯಾಗುವ ತನಕ ಗಾಡಿ ಅಲುಗಿಸಬೇಡಿ. ಮೊದಲು ಖಾಲಿ ಜಾಗದಲ್ಲಿ ನಿಧಾನವಾಗಿ ಪರೀಕ್ಷಿಸಿ. ವಿದ್ಯುತ್ ಹ್ಯಾಂಡ್‌ಬ್ರೇಕ್ ಇರುವ ಹಿಂದಿನ ಕ್ಯಾಲಿಪರಿಗೆ ಬೇರೆಯೇ ಉಪಕರಣ ಬೇಕು; ಅದಿಲ್ಲದವರು ಮುಟ್ಟಬಾರದು. ಇಷ್ಟಕ್ಕೆ ತಾಳ್ಮೆಯಿಲ್ಲದವನು ಸ್ಪ್ಯಾನರ್ ಕೆಳಗಿಡಲಿ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಸೀಲು–ಕವಚಗಳನ್ನು ಬಿಡಿಯಾಗಿ ಮಾರಲಿ. ಕೈಪಿಡಿ ಎಲ್ಲರಿಗೂ ಸಿಗಲಿ, ನಮ್ಮ ಭಾಷೆಯಲ್ಲೂ ಸಿಗಲಿ. ನಮ್ಮ ಸಂಘವೂ ಕೈಕಟ್ಟಿ ಕೂರದೆ ತಿಂಗಳಿಗೊಂದು ಭಾನುವಾರ ನುರಿತ ಮೆಕ್ಯಾನಿಕರಿಂದ ಪಾಠ ಮಾಡಿಸಲಿ. ಸ್ಟ್ಯಾಂಡು, ಟಾರ್ಕ್ ಸ್ಪ್ಯಾನರುಗಳನ್ನು ಸದಸ್ಯರ ಸಾಮಾನ್ಯ ಸೊತ್ತಾಗಿ ಕೊಳ್ಳಲಿ. ಹಗಲೆಲ್ಲ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಪರಂಪರೆ ಮುಂಬಯಿ ಕನ್ನಡಿಗರದು. ಅಂದು “ನಿಮಗೇಕೆ ಓದು?” ಎಂದವರಿಗೆ ನಮ್ಮ ಹಿರಿಯರು ಕಲಿತೇ ಉತ್ತರ ಕೊಟ್ಟರು. ಇಂದು “ನಿಮಗೇಕೆ ಬ್ರೇಕು?” ಎನ್ನುವವರಿಗೂ ಅದೇ ಉತ್ತರ ಸಲ್ಲಲಿ.