ಜೀವಕೋಶದ ಗುಜರಿ ಕುಲುಮೆ

ಮಕ್ಕಳೇ, ಭದ್ರಾವತಿ ಹೊಸಮನೆಯ ನಮ್ಮ ಮನೆಗೆ ಕಳೆದ ವಾರ ನನ್ನ ತಂಗಿ ಬಂದಿದ್ದಳು. ಅವಳಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ. ಬಿಸಿ ಅಕ್ಕಿರೊಟ್ಟಿ ಕೊಟ್ಟರೆ ತಟ್ಟೆ ದೂಡಿದಳು. "ಬೇಡ ಅಣ್ಣ. ಉಪವಾಸ ಮಾಡಿದ್ರೆ ಜೀವಕೋಶ ತನ್ನ ಕಸ ತಾನೇ ತಿಂದು ಗಡ್ಡೆ ಕರಗತ್ತಂತೆ. ಮೊಬೈಲಲ್ಲಿ ಬಂದಿತ್ತು."

"ನಿಜನಾ ಅಜ್ಜ?" ಎಂದ ಮೊಮ್ಮಗ.

ಅರ್ಧ ನಿಜ. ನಾನಿದ್ದ ಕಾರ್ಖಾನೆಯಲ್ಲಿ ಗುಜರಿಯನ್ನು ಕುಲುಮೆಗೆ ಹಾಕಿ ಹೊಸ ಉಕ್ಕು ಮಾಡುತ್ತಿದ್ದೆವು. ಜೀವಕೋಶವೂ ಹಾಗೇ, ಸವೆದ ಭಾಗಗಳನ್ನು ಪುಟ್ಟ ಚೀಲದಲ್ಲಿ ಕಟ್ಟಿ, ಕರಗಿಸಿ, ಮತ್ತೆ ಬಳಸುತ್ತದೆ. ಇದಕ್ಕೆ ಆಟೊಫೇಜಿ ಎನ್ನುತ್ತಾರೆ. ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲಿ ಇದರ ಗುಟ್ಟು ಬಿಡಿಸಿದ ಜಪಾನಿನ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡವೂ ಇದನ್ನೇ ಅಧ್ಯಯನ ಮಾಡುತ್ತಿದೆ.

ಈ ಕುಲುಮೆ ಒಳ್ಳೆಯ ಕೋಶವನ್ನು ಕೆಡದಂತೆ ಕಾಯುತ್ತದೆ, ಸರಿ. ಆದರೆ ಗಡ್ಡೆ ಬೆಳೆದ ಮೇಲೆ ಅದು ಕಳ್ಳನ ಕೈಗೂ ಸಿಕ್ಕಂತೆ! ಕೀಮೋ ಹೊಡೆತ ಬಿದ್ದಾಗ ಕ್ಯಾನ್ಸರ್ ಕೋಶ ತನ್ನದೇ ಗುಜರಿ ಕರಗಿಸಿಕೊಂಡು ಬದುಕಬಲ್ಲದು. ಅದಕ್ಕೇ ಕುಲುಮೆಯನ್ನು ಆರಿಸಲು ವಿಜ್ಞಾನಿಗಳು ನೋಡುತ್ತಿದ್ದಾರೆ. ಮಲೇರಿಯಾದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನು ಕೀಮೋ ಜೊತೆ ಕೊಟ್ಟು ಪರೀಕ್ಷಿಸಿದ್ದಾರೆ. ಫಲ ಮಿಶ್ರ, ಇನ್ನೂ ಪ್ರಯೋಗದ ಹಂತ.

"ಹಾಗಾದ್ರೆ ನನ್ನ ಉಪವಾಸ?"

"ನಿನ್ನ ಮೈ ಸೊರಗುತ್ತೆ ಕಣೇ. ಡಾಕ್ಟರನ್ನ ಕೇಳದೆ ಊಟ ಬಿಡಬೇಡ."

ಮೊಮ್ಮಗ ತಟ್ಟೆಯನ್ನು ಮತ್ತೆ ಅವಳ ಮುಂದೆ ಸರಿಸಿದ. ಅರ್ಧ ರೊಟ್ಟಿ ತಿಂದಳು. ಸೋಮವಾರ ಆಸ್ಪತ್ರೆಗೆ ನಾನೂ ಜೊತೆಗೆ ಹೋಗುತ್ತಿದ್ದೇನೆ.